ನೇತ್ರಾಳ ಎಡಗೈ

ಮದುವೆಯಾಗಿ ವಿಜಯಪುರಕ್ಕೆ ಬಂದ ಮೇಲೆ ನೇತ್ರಾಳ ಎಡಗೈ ಒಂದು ಹೊಸ ಕೆಲಸ ಕಲಿತಿತ್ತು. ಪಡಸಾಲೆಯಲ್ಲಿ ಮಾವನ ಕೆಮ್ಮು ಕೇಳಿದರೆ ಸಾಕು, ಆ ಕೈ ತಾನಾಗಿ ಮೇಲೆದ್ದು, ಜಾರಿದ ಸೆರಗನ್ನು ತಲೆಯ ಮೇಲೆ ಎಳೆದು, ಕಿವಿಯ ಹತ್ತಿರ ಅದನ್ನು ಹಿಡಿದು ನಿಲ್ಲುತ್ತಿತ್ತು. ಬಲಗೈ ಒಲೆಯ ಮೇಲಿನ ಪಲ್ಯ ಕೈಯಾಡಿಸುತ್ತಿರಲಿ, ಫೋನು ಹಿಡಿದಿರಲಿ, ಎಡಗೈಗೆ ಅದರ ಪರಿವೆ ಇರಲಿಲ್ಲ. ಮದುವೆಯಾಗಿ ಹದಿನಾರು ವರ್ಷ ಕಳೆದರೂ ಅದು ಒಮ್ಮೆಯೂ ತಡ ಮಾಡಿದ್ದಿಲ್ಲ.

ಮಾವ ಸಂಗನಬಸಪ್ಪ ಗದರುವ ಮನುಷ್ಯನಲ್ಲ. ಸೆರಗು ಹೊದ್ದುಕೋ ಎಂದು ಆ ಮನೆಯಲ್ಲಿ ಯಾರೂ ಅವಳಿಗೆ ಹೇಳಿದ್ದೂ ಇಲ್ಲ. ನಿಡೋಣಿಯ ತವರಿನಲ್ಲಿ ಅವ್ವ ಮಾಡುತ್ತಿದ್ದುದನ್ನು ನೋಡಿದ್ದಳು, ಇಲ್ಲಿಗೆ ಬಂದು ತಾನೂ ಮಾಡಿದಳು, ಅಷ್ಟೇ. ಮಾವನ ಎದುರು ನಿಂತು ಮಾತಾಡುವ ರೂಢಿಯೂ ಹಾಗೆಯೇ ಬೆಳೆಯಲಿಲ್ಲ. ಅವಳ ಮಾತು ಅತ್ತೆಯ ಬಾಯಿಂದಲೋ ಗಂಡನ ಬಾಯಿಂದಲೋ ಮಾವನಿಗೆ ಮುಟ್ಟುತ್ತಿತ್ತು, ದಾರಿಯಲ್ಲಿ ತುಸು ಸೋರಿ, ತುಸು ಉಪ್ಪುಖಾರ ಹತ್ತಿಸಿಕೊಂಡು. ಗ್ಯಾಸು ಮುಗಿದಿದೆ ಎಂಬಂಥ ಮಾತಾದರೆ ಇದರಿಂದ ಏನೂ ಕೆಡುತ್ತಿರಲಿಲ್ಲ. ಮನಸ್ಸಿನ ಮಾತಾದರೆ ಮುಟ್ಟುವಷ್ಟರಲ್ಲಿ ಬೇರೆ ಯಾರದೋ ಮಾತಾಗಿರುತ್ತಿತ್ತು.

ಆ ವರ್ಷ ಅವಳ ಮನಸ್ಸಿನಲ್ಲಿ ಅಂಥದೊಂದು ಮಾತಿತ್ತು.

ಮನೆಯವರದು ಪೇಟೆಯಲ್ಲಿ ಹಗ್ಗ, ತಂತಿ, ಬಲೆಗಳ ಅಂಗಡಿ. ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ಕಟ್ಟುವ ಹಸಿರು ಬಲೆಗಾಗಿ ಟಿಕೋಟಾ, ಬಬಲೇಶ್ವರದ ಕಡೆಯಿಂದ ರೈತರು ಬರುತ್ತಿದ್ದರು. ಅವರು ಅಷ್ಟು ದೂರ ಬರುವ ಬದಲು ನಾವೇ ಹೋದರಾಯಿತೆಂದು ಸಂಗನಬಸಪ್ಪ ಟಿಕೋಟಾದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಹಿಡಿದು, ದೀಪಾವಳಿ ಪಾಡ್ಯದ ದಿನ ಪೂಜೆ ಮಾಡಿಸಿದ್ದರು. ಅಲ್ಲಿ ಯಾರು ಕೂಡಬೇಕು ಎಂಬುದು ಮಾತ್ರ ಬಗೆಹರಿದಿರಲಿಲ್ಲ. ನೇತ್ರಾಳ ಗಂಡ ಸುಭಾಷ ಒಂದು ದಿನ, ಮೈದುನ ಬಾಬು ಒಂದು ದಿನ ಗೊಣಗುತ್ತಾ ಹೋಗಿಬರುತ್ತಿದ್ದರು. ಘೋಣಸಗಿಯ ಮಾಳು ಎಂಬ ಪರಿಚಯದವನನ್ನು ಸಂಬಳಕ್ಕೆ ಇಟ್ಟರಾಯಿತು, ದೀಪಾವಳಿಯಾದ ತಿಂಗಳಿಗೆ ಬರುವ ಛಟ್ಟಿ ಅಮಾವಾಸ್ಯೆ ಮುಗಿಯಲಿ ಎಂದು ಸಂಗನಬಸಪ್ಪ ಹೇಳುತ್ತಿದ್ದರು.

ಆ ಮಳಿಗೆಯಲ್ಲಿ ತಾನು ಕೂಡಬೇಕೆಂದು ನೇತ್ರಾಳ ಆಸೆ. ಪೂಜೆಯ ದಿನ ಹೊಸ ಬಲೆಯ ಸುರುಳಿ ಬಿಚ್ಚಿದಾಗ ಬಂದ ವಾಸನೆ ಅವಳನ್ನು ಒಮ್ಮೆಲೇ ನಿಡೋಣಿಗೆ ಒಯ್ದಿತ್ತು. ಅಪ್ಪನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಕೆಳಗೆ ತೂರಿಕೊಂಡು, ಅರ್ಧ ಒಣಗಿದ ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತಾ ಅವಳು ಬೆಳೆದವಳು. ಆ ಹಸಿರು ನೆರಳಿನಲ್ಲಿ ಬಿಸಿಲೂ ಸಿಹಿಯಾಗಿರುತ್ತಿತ್ತು. ಮಗಳು ಸೃಷ್ಟಿ ಒಂಬತ್ತನೇ ಇಯತ್ತೆಗೆ ಬಂದಿದ್ದಳು, ತನ್ನ ಜಡೆ ತಾನೇ ಹಾಕಿಕೊಳ್ಳುತ್ತಿದ್ದಳು. ಮಧ್ಯಾಹ್ನಗಳು ಉದ್ದವಾಗುತ್ತಾ ಹೋಗಿದ್ದವು.

ಗಂಡನಿಗೆ ಹೇಳಿ ನೋಡಿದಳು.

"ನೀ ಟಿಕೋಟಾಕ? ದಿನಾ ಬಸ್ಸಿನಾಗ?" ಸುಭಾಷ ಕೆಟ್ಟವನಲ್ಲ, ಆಶ್ಚರ್ಯಪಟ್ಟ. "ಅಪ್ಪಾಗ ಕೇಳಬೇಕಾಗ್ತೈತಿ."

"ಕೇಳ್ರಿ ಮತ್ತ."

"ನೋಡೂಣಂತ."

ಆ ಮನೆಯಲ್ಲಿ 'ನೋಡೂಣಂತ' ಎಂದರೆ ಅಟ್ಟದ ಮೇಲಿಟ್ಟ ಹಿತ್ತಾಳೆ ಹಂಡೆಯ ಹಾಗೆ. ಇದೆ, ಆದರೆ ಯಾರೂ ಇಳಿಸುವುದಿಲ್ಲ.

ಅತ್ತೆ ಗುರುಬಸವ್ವನಿಗೂ ಹೇಳಿದಳು. ಅತ್ತೆ ಯೋಚಿಸಿ, "ನಾ ಹೇಳಿದ್ರ ನಿಮ್ಮ ಮಾವ ಮೊದಲು ಬ್ಯಾಡ ಅಂತಾರ, ಆಮ್ಯಾಲೆ ಯಾತಕ್ಕ ಬ್ಯಾಡ ಅಂತ ಕಾರಣ ಹುಡುಕ್ತಾರ. ನೀನ ಹೇಳಬೇಕು ನೋಡು, ತಂಗಿ" ಎಂದಳು.

ಹೇಳುವುದಾದರೂ ಹೇಗೆ? ಮಾವ ಎದುರು ಬಂದರೆ ಕೈ ಮೇಲೇಳುತ್ತಿತ್ತು, ಬಾಯಿ ಮುಚ್ಚುತ್ತಿತ್ತು.

ಗುದ್ದಾಟದ ಆಟ ಮನೆಗೆ ಬಂದದ್ದು ಆಗಲೇ. ಸರಕು ತರಲು ಸೊಲ್ಲಾಪುರಕ್ಕೆ ಹೋಗಿದ್ದ ಬಾಬು ಅಲ್ಲಿಯ ಗೆಳೆಯನ ಹತ್ತಿರ ಬಿದ್ದಿದ್ದ ವಿಡಿಯೋ ಗೇಮಿನ ಡಬ್ಬಿಯನ್ನು ಹೊತ್ತು ತಂದ. ಅದನ್ನು ಟಿವಿಗೆ ಜೋಡಿಸಿ, ಲಟ್ಟಣಿಗೆಯ ಅರ್ಧದಷ್ಟಿರುವ ಎರಡೆರಡು ಕಡ್ಡಿಗಳನ್ನು ಇಬ್ಬರು ಕೈಯಲ್ಲಿ ಹಿಡಿದು ಎದ್ದು ನಿಲ್ಲಬೇಕು. ಟಿವಿಯೊಳಗೆ ಕೆಂಪು ಗವಸು ತೊಟ್ಟ ಒಂದು ಗೊಂಬೆ, ನೀಲಿ ಗವಸಿನ ಒಂದು ಗೊಂಬೆ. ನಾವು ಕೈ ಬೀಸಿದರೆ ಅವು ಗುದ್ದುತ್ತವೆ. ಏಟು ತಿಂದಷ್ಟೂ ಮೇಲಿನ ಹಸಿರು ಪಟ್ಟಿ ಕರಗುತ್ತದೆ, ಪೂರ್ತಿ ಕರಗಿದರೆ ಗೊಂಬೆ ಅಂಗಾತ.

ಮೊದಲ ರವಿವಾರ ಗೆದ್ದವರು ಸಂಗನಬಸಪ್ಪ. ಎಪ್ಪತ್ತರ ಹತ್ತಿರದ ಮನುಷ್ಯ, ಧೋತರದ ಚುಂಗು ಸಿಕ್ಕಿಸಿಕೊಂಡು, ನೆಟ್ಟ ಕಂಬದ ಹಾಗೆ ನಿಂತಲ್ಲೇ ನಿಂತು, ಕುಣಿದಾಡುತ್ತಿದ್ದ ಇಬ್ಬರು ಮಕ್ಕಳನ್ನೂ ಒಂದೊಂದೇ ಗುದ್ದಿಗೆ ಹಣ್ಣು ಮಾಡಿದರು. ಆಮೇಲೆ ಮೀಸೆ ತಿರುವುತ್ತಾ, "ಇನ್ನ ಗೆದ್ದಾವ್ರ ಮಾತು ಈ ವಾರ ನಡೀಬೇಕು" ಎಂದರು.

ಗುರುಬಸವ್ವನಿಗೆ ಮೊಣಕಾಲು ನೋವು, ಅವಳು ಆಡುತ್ತಿರಲಿಲ್ಲ. ಮಂಚದ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಾ, "ಇಷ್ಟು ವರ್ಷ ಬ್ಯಾರೆ ಯಾರ ಮಾತು ನಡದೈತ್ರಿ ಈ ಮನ್ಯಾಗ?" ಎಂದಳು.

"ಅದು ಹಂಗಲ್ಲ. ಅದು ಪುಕ್ಕಟಿ ಸಿಕ್ಕ ಮಾತು. ಇದು ಗೆದ್ದು ತಗೊಂಡ ಮಾತು."

ಹೀಗೆ ವಾರದ ಮಾತು ಎಂಬ ರೂಢಿ ಹುಟ್ಟಿತು. ಗೆದ್ದವರು ಎಲ್ಲರೆದುರು ನಿಂತು ಒಂದು ಮಾತು ಹೇಳಬೇಕು, ಮುಂದಿನ ರವಿವಾರದವರೆಗೆ ಮನೆ ಅದರಂತೆ ನಡೆಯಬೇಕು, ಯಾರೂ ಬೇಡ ಅನ್ನುವಂತಿಲ್ಲ. ಸಂಗನಬಸಪ್ಪ ದಿನಾ ರಾತ್ರಿ ಮಾದಲಿ ಬೇಕೆಂದರು. ಗುರುವಾರದ ಹೊತ್ತಿಗೆ ಸಿಹಿ ಗಂಟಲಿಗೆ ಬಂದು, ಸಾಕು ಎಂದು ತಟ್ಟೆ ಸರಿಸಿದರೆ ಗುರುಬಸವ್ವ ಬಿಡಲಿಲ್ಲ. "ಗೆದ್ದು ತಗೊಂಡ ಮಾತು ಹೌದಲ್ರಿ? ಉಣ್ರಿ" ಎಂದು ಇನ್ನೊಂದು ಮುಷ್ಟಿ ಹಾಕಿ ಹಾಲು ಸುರಿದಳು. ಮರುವಾರ ಬಾಬು ಗೆದ್ದ. ತನ್ನ ಮುಂದೆ ಯಾರೂ ಕನ್ಯೆಯ ಸುದ್ದಿ ತೆಗೆಯಬಾರದು ಎಂದ. ಗುರುಬಸವ್ವ ವಾರವಿಡೀ ತುಟಿ ಬಿಗಿದುಕೊಂಡಿದ್ದು, ವಾರ ಮುಗಿದ ಮುಂಜಾನೆ ಚಹಾದ ಬಸಿಯ ಜೊತೆ ಮೂರು ಹುಡುಗಿಯರ ಫೋಟೊ ತಂದಿಟ್ಟಳು.

ಎಲ್ಲರೂ ನಗುತ್ತಿದ್ದರು, ನೇತ್ರಾಳೂ ನಕ್ಕಳು. ಆದರೆ ನಗುತ್ತಲೇ ಅವಳಿಗೆ ಒಂದು ಹೊಳೆಯಿತು. ಈ ಮನೆಯಲ್ಲಿ 'ನೋಡೂಣಂತ' ಎಂದು ಅಟ್ಟಕ್ಕೇರಿಸಲಾಗದ ಮಾತು ಇದೊಂದೇ.

ಆದರೆ ಗೆಲ್ಲುವುದು ಸುಲಭವಿರಲಿಲ್ಲ. ಗೆದ್ದವರು ನಿಲ್ಲಬೇಕು, ಸೋತವರು ಕೂಡಬೇಕು, ಕಿರಿಯರಿಂದ ಶುರುವಾಗಿ ಹಿರಿಯರಿಗೆ ಕೊನೆಯ ಸರದಿ. ಮೊದಲು ನೇತ್ರಾ ಮತ್ತು ಬಾಬು, ಆಮೇಲೆ ಸುಭಾಷ, ಕೊನೆಗೆ ಮಾವ. ಸೃಷ್ಟಿ ಪಂಚಾಯ್ತಿ ಮಾಡುವವಳು. ಅವಳೇ ಒಮ್ಮೆ ತಕರಾರು ತೆಗೆದಳು. "ಇದು ಅನ್ಯಾಯ, ಮುತ್ಯಾ. ಅವ್ವ ಮೂರು ಮಂದೀನ ಹೊಡೀಬೇಕು, ನೀ ಒಬ್ಬರನ್ನ ಹೊಡದ್ರ ಸಾಕು."

"ಊಟಕ್ಕ ಕೂತಾಗ ನನಗ ಮೊದಲ ಬಡಸ್ತೀರಿ. ಇಲ್ಲಿ ಕಡೀಗೆ ಬರ್ತೇನಿ. ಸರಿಹೋತಲ್ಲ" ಎಂದರು ಅಜ್ಜ ಸಂಗನಬಸಪ್ಪ.

ನೇತ್ರಾ ಪ್ರತಿ ಸಲ ಬಾಬುವಿನ ಕೈಯಲ್ಲೇ ಮುಗಿದುಹೋಗುತ್ತಿದ್ದಳು. ಮಾವ ಅದೇ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರಲ್ಲ, ಎಡಗೈ ಸೆರಗಿನ ಮೇಲೆಯೇ ಇರುತ್ತಿತ್ತು. ಬಲಗೈ ಒಂದೇ ಅತ್ತಿತ್ತ ಬೀಸಿ, ನೊಣ ಓಡಿಸಿದ ಹಾಗೆ ಕಾಣುತ್ತಿತ್ತು.

"ವೈನಿ, ಸೆರಗು ಟೊಂಕಕ್ಕ ಸಿಗಸ್ರಿ. ಒಂದ ಕೈಯಾಗ ಯಾರರೇ ಗುದ್ದಾಡ್ತಾರೇನ್ರಿ?" ಎಂದು ಬಾಬುವೇ ಬುದ್ಧಿ ಹೇಳಿದ.

ಹೇಳಿದಂತೆ ಒಂದು ರವಿವಾರ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬರಿದಲೆಯಲ್ಲಿ ನಿಂತಳು. ಸಂಗನಬಸಪ್ಪ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಸಿಟ್ಟಿನಿಂದಲ್ಲ, ಸೊಸೆಗೆ ಮುಜುಗರವಾಗದಿರಲಿ ಎಂದು. ಆದರೆ ಆ ಪೇಪರಿನ ಬೆನ್ನು ನೋಡಿದ್ದೇ ನೇತ್ರಾಳ ಎರಡೂ ಕೈ ಕಲ್ಲಾದವು. ಹಿಂದೆಂದಿಗಿಂತ ಬೇಗ ಬಿದ್ದಳು. "ವೈನಿ ಬಿದ್ದದ್ದಲ್ಲ, ಮಲಕ್ಕೊಂಡ್ರು" ಎಂದ ಬಾಬು. ಅವಳು ಅಡುಗೆಮನೆಗೆ ಹೋಗಿ ಒಗ್ಗರಣೆಗೆ ಸಾಸಿವೆ ಹಾಕಿ, ಅದು ಚಟಪಟ ಅನ್ನುವುದನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತಳು.

ಛಟ್ಟಿ ಅಮಾವಾಸ್ಯೆ ಹತ್ತಿರ ಬರುತ್ತಿತ್ತು.

ಆ ವಾರದ ಮಧ್ಯಾಹ್ನಗಳಲ್ಲಿ ಅವಳು ಒಬ್ಬಳೇ ಆಡತೊಡಗಿದಳು. ಗಂಡಸರು ಅಂಗಡಿಗೆ ಹೋಗಿರುತ್ತಿದ್ದರು, ಸೃಷ್ಟಿ ಸಾಲೆಗೆ. ಅತ್ತೆ ಒಳಗೆ ಮಲಗಿರುತ್ತಿದ್ದಳು. ಎದುರಿಗೆ ಯಾರೂ ಇಲ್ಲದಿದ್ದರೆ ಆಟವೇ ಒಂದು ಗೊಂಬೆಯನ್ನು ಕೊಡುತ್ತದೆ ಎಂದು ಮಗಳು ತೋರಿಸಿಕೊಟ್ಟಿದ್ದಳು. ದಪ್ಪ ಕುತ್ತಿಗೆಯ ಆ ಗೊಂಬೆಗೆ ಕರುಣೆ ಎಂಬುದಿರಲಿಲ್ಲ.

ಒಂದು ದಿನ ಹೀಗೆ ಅದರ ಜೊತೆ ಗುದ್ದಾಡುತ್ತಿದ್ದಾಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಮಾವ ಮರೆತುಹೋದ ಚಾಳೀಸು ಕನ್ನಡಕಕ್ಕಾಗಿ ಮನೆಗೆ ಬಂದಿದ್ದರು. ನೇತ್ರಾಳ ಕಣ್ಣು ಟಿವಿಯ ಮೇಲಿತ್ತು, ದಪ್ಪ ಕುತ್ತಿಗೆಯವನು ಗುದ್ದಲು ಕೈ ಎತ್ತಿದ್ದ. ಅಷ್ಟರಲ್ಲಿ ಎಡಗೈ ತನ್ನ ಕೆಲಸ ಮಾಡಿತು. ಹಿಡಿದ ಕಡ್ಡಿಯ ಸಮೇತ ಮೇಲೆದ್ದು, ಸೆರಗನ್ನು ತಲೆಯ ಮೇಲೆ ಎಳೆದು, ಕಿವಿಯ ಹತ್ತಿರ ನಿಂತಿತು. ಟಿವಿಯೊಳಗಿನ ಅವಳ ಗೊಂಬೆಯೂ ಗವಸನ್ನು ಕಿವಿಯ ಹತ್ತಿರ ಎತ್ತಿತು. ಗುದ್ದು ಬಂದು ಗವಸಿಗೆ ಬಡಿಯಿತು. ಹಸಿರು ಪಟ್ಟಿ ಎಳ್ಳಷ್ಟೂ ಕರಗಲಿಲ್ಲ.

ಸಂಗನಬಸಪ್ಪ ಟಿವಿಯನ್ನು ನೋಡಿದರು, ಗೂಡಿನಲ್ಲಿದ್ದ ಚಾಳೀಸು ತೆಗೆದುಕೊಂಡರು, ಏನನ್ನೂ ನೋಡದವರ ಹಾಗೆ ಹೊರಟುಹೋದರು. ಅವರ ಚಪ್ಪಲಿಯ ಸಪ್ಪಳ ಓಣಿಯ ತುದಿಗೆ ಹೋಗುವವರೆಗೂ ನೇತ್ರಾ ಹಾಗೇ ನಿಂತಿದ್ದಳು. ಆಮೇಲೆ ಸೆರಗು ಇಳಿಸಿದಳು, ಗುದ್ದು ತಿಂದಳು. ಸೆರಗು ಎಳೆದಳು, ಗುದ್ದು ಗವಸಿಗೆ ಬಿತ್ತು. ಮತ್ತೆ ಮಾಡಿ ನೋಡಿದಳು. ಇಷ್ಟು ದಿನ ಆ ಕೈ ಸುಮ್ಮನೆ ಮೇಲಿತ್ತು, ಗುದ್ದು ಬರುವ ಹೊತ್ತಿಗೆ ಬೇಸತ್ತು ಭುಜಕ್ಕೆ ಇಳಿದಿರುತ್ತಿತ್ತು. ಗುದ್ದು ಬರುವಾಗ ಎಳೆದರೆ ಸೆರಗೇ ಗುರಾಣಿ. ನಾಲ್ಕು ಮಂದಿ ನಾಚಿಕೆ ಎಂದುಕೊಂಡದ್ದನ್ನು ಆಟ ವರಸೆ ಎಂದು ತಿಳಿಯುತ್ತಿತ್ತು.

ಹಾಗಾದರೆ ಬೇಕಾದದ್ದು ಒಂದೇ, ಗುದ್ದು ಯಾವಾಗ ಬರುತ್ತದೆ ಎಂದು ಮೊದಲೇ ತಿಳಿಯಬೇಕು. ಅದಕ್ಕೆ ಅವಳು ಆಟವನ್ನು ಬಿಟ್ಟು ಮನೆಯವರನ್ನು ನೋಡತೊಡಗಿದಳು. ಹದಿನಾರು ವರ್ಷ ಯಾರಿಗೆ ಎಷ್ಟು ಖಾರ, ಯಾರ ಚಹಾಕ್ಕೆ ಎಷ್ಟು ಸಕ್ಕರೆ ಎಂದು ನೋಡಿದ ಕಣ್ಣು ಅದು. ಬಾಬು ಗಿರಾಕಿಗೆ ಸರಕು ಕೊಡುವಾಗ 'ತಗೋರಿ' ಅನ್ನದೆ ಕೈ ಮುಂದೆ ಮಾಡುವವನಲ್ಲ, ಗುದ್ದುವಾಗಲೂ ಅಷ್ಟೇ. ಬರೀ ಹೆದರಿಸುವಾಗ ಬಾಯಿ ಮುಚ್ಚಿರುತ್ತಿತ್ತು. ಗಂಡನದು ಬಿರುಮಳೆಯ ಸ್ವಭಾವ, ಮೊದಲ ಸುತ್ತಿನಲ್ಲಿ ಸುರಿದು ಎರಡನೆಯದರಲ್ಲಿ ಬತ್ತುತ್ತಿದ್ದ. ಮಾವನದೇ ಕಷ್ಟ. ಅವರು ಅಲುಗುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ದಣಿಯುತ್ತಿರಲಿಲ್ಲ. ಅವರ ವಿಷಯದಲ್ಲಿ ಅವಳಿಗೆ ಒಂದೇ ಒಂದು ಸಂಗತಿ ಸಿಕ್ಕಿತ್ತು, ಅದನ್ನು ನೆನೆದರೆ ನಗುವೂ ಬರುತ್ತಿತ್ತು, ಒಂದು ಥರ ಸಂಕಟವೂ ಆಗುತ್ತಿತ್ತು. ಒಳ್ಳೆಯ ಗುದ್ದೊಂದು ಕೂತ ಕೂಡಲೇ ಅವರು ಕತ್ತು ಹೊರಳಿಸಿ ಮಂಚದ ಕಡೆ ನೋಡುತ್ತಿದ್ದರು. ಗುರುಬಸವ್ವ ನೋಡಿದಳೋ ಇಲ್ಲವೋ ಎಂದು. ಗುರುಬಸವ್ವ ಯಾವಾಗಲೂ ಜೋಳ ನೋಡುತ್ತಿದ್ದಳು.

ಅಮಾವಾಸ್ಯೆಗೆ ಮುಂಚಿನ ಕೊನೆಯ ರವಿವಾರ ನೇತ್ರಾ ಮಧ್ಯಾಹ್ನಕ್ಕೆ ಶೇಂಗಾ ಹೋಳಿಗೆ ಮಾಡಿದಳು. ಹಬ್ಬವೇನೂ ಇರಲಿಲ್ಲ. ಗಂಡನ ತಟ್ಟೆಗೆ ಮಾತ್ರ ಕೈ ತಡೆಯದೆ ಬಡಿಸಿದಳು, ತುಪ್ಪವನ್ನೂ.

ಇಳಿಹೊತ್ತಿಗೆ ಎಲ್ಲರೂ ಟಿವಿ ಮುಂದೆ ಸೇರಿದರು. ನೇತ್ರಾ ತಲೆತುಂಬ ಸೆರಗು ಹೊದ್ದು ನಿಂತಳು.

"ಮತ್ತ ಹೊದ್ಕೊಂಡ್ರೇನು, ವೈನಿ? ಹೇಳಿದ್ದಿಲ್ಲ ನಿಮಗ?" ಎಂದ ಬಾಬು.

"ಇರ್ಲಿ ಬಿಡ್ರಿ, ಬಾಬು. ಥಂಡಿ ಐತಿ."

ಬಾಬು ಎರಡು ಸಲ ಸುಮ್ಮನೆ ಹೆದರಿಸಿದ, ಅವಳು ಅಲುಗಲಿಲ್ಲ. "ತಗೋರಿ ವೈನಿ" ಎಂದ, ಸೆರಗು ಮೇಲೆದ್ದಿತು, ಗುದ್ದು ಗವಸಿಗೆ ಬಿತ್ತು. ಅವನು ಕೈ ಹಿಂದೆಳೆದುಕೊಳ್ಳುವಷ್ಟರಲ್ಲಿ ಅವಳ ಬಲಗೈ ಒಳಗೆ ಹೋಗಿ ಬಂದಿತ್ತು. "ತಗೋರಿ" ಎಂದಷ್ಟೂ ತಾನೇ ತೆಗೆದುಕೊಂಡ. ಅಂಗಾತ ಬಿದ್ದ ತನ್ನ ಗೊಂಬೆಯನ್ನು ನೋಡಿ ಕಡ್ಡಿ ಜಾಡಿಸಿದ.

"ಇದು ಲೆಕ್ಕಕ್ಕಿಲ್ಲ. ನನ್ನ ಕಡ್ಡಿ ಕೆಟ್ಟೈತಿ."

"ಕಡ್ಡಿ ಅಲ್ಲಲೇ, ನಿನ್ನ ಬಾಯಿ ಕೆಟ್ಟೈತಿ" ಎಂದಳು ಗುರುಬಸವ್ವ.

ಸುಭಾಷ ನಗುತ್ತಾ ಬಂದು ಎರಡೂ ಕೈಯಿಂದ ಸುರಿಯತೊಡಗಿದ. ನೇತ್ರಾ ಸೆರಗಿನ ಹಿಂದೆ ನಿಂತು ಮಳೆ ನಿಲ್ಲುವುದನ್ನು ಕಾದಳು. ಎರಡನೆಯ ಸುತ್ತು ಬರುವಷ್ಟರಲ್ಲಿ ಅವನು ಒಂದು ತೇಗು ತೇಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡ. ಆಗ ಅವಳು ಅವಸರವಿಲ್ಲದೆ, ಒಂದಾದ ಮೇಲೆ ಒಂದರಂತೆ ಗುದ್ದಿದಳು.

"ಹೋಳಗಿ ಯಾತಕ್ಕ ಮಾಡ್ಯಾಳ ಅಂತ ಈಗ ತಿಳೀತು" ಎಂದಳು ಅತ್ತೆ.

"ನಾ ಐದು ತಿಂದೇನಿ" ಎಂದು ಸುಭಾಷ ಕುಸಿದು ಕೂತ.

ಉಳಿದವರು ಮಾವ. ಅವರು ಕುರ್ಚಿಯಿಂದ ಎದ್ದು ಚುಂಗು ಸಿಕ್ಕಿಸಿಕೊಂಡು ಬಂದು ಪಕ್ಕದಲ್ಲಿ ನಿಂತಾಗ ನೇತ್ರಾ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಇಷ್ಟು ಹತ್ತಿರ, ಸರಿಸಮಾನವಾಗಿ, ಒಂದೇ ಕಡೆ ಮುಖ ಮಾಡಿ ಅವರಿಬ್ಬರು ಎಂದೂ ನಿಂತಿರಲಿಲ್ಲ. ಮಾವನ ಅಂಗಿಗೆ ಹೊಸ ಹಗ್ಗದ ವಾಸನೆ ಇತ್ತು.

ಮೊದಲ ಸುತ್ತಿನಲ್ಲಿ ಅವಳು ಬರೀ ತಡೆದಳು. ಗುದ್ದು ಬಂದಾಗಲೆಲ್ಲ ಸೆರಗು ಎದ್ದಿತು. ಬಲಗೈ ಮಾತ್ರ ಹೊಟ್ಟೆಯ ಹತ್ತಿರವೇ ಉಳಿಯಿತು. ಟಿವಿಯೊಳಗಿರುವುದು ಬರೀ ನೀಲಿ ಗವಸಿನ ಗೊಂಬೆ ಎಂದು ಎಷ್ಟು ಹೇಳಿಕೊಂಡರೂ ಅದು ಮಾವನ ಹಾಗೆಯೇ ಎದೆಯುಬ್ಬಿಸಿ ನಿಂತಿತ್ತು.

"ಅವ್ವ, ಬರೇ ತಡದ್ರ ಗೆಲ್ಲೂದಿಲ್ಲ" ಎಂದಳು ಸೃಷ್ಟಿ.

"ಹೊಡಿ ಬೇ" ಎಂದಳು ಗುರುಬಸವ್ವ. "ಮಾವ ಅಂತ ನೋಡಬ್ಯಾಡ. ನನ್ನ ಪಾಲಿಂದೂ ಸೇರಿಸಿ ಹೊಡಿ."

ಎರಡನೆಯ ಸುತ್ತಿನಲ್ಲಿ ಸಂಗನಬಸಪ್ಪನ ಒಂದು ಗುದ್ದು ಸೆರಗನ್ನು ದಾಟಿ ಒಳಗೆ ಬಂತು. ಅವಳ ಹಸಿರು ಪಟ್ಟಿ ಅರ್ಧಕ್ಕೆ ಇಳಿಯಿತು. ಅವರು ಕತ್ತು ಹೊರಳಿಸಿ ಮಂಚದ ಕಡೆ ನೋಡಿದರು. ಇದೇ ಆ ಗಳಿಗೆ. ನೇತ್ರಾಳ ಕೈ ಏಳಬೇಕಿತ್ತು, ಏಳಲಿಲ್ಲ. ಒಬ್ಬರು ತಮ್ಮ ಹೆಂಡತಿಯನ್ನು ನೋಡುತ್ತಿರುವಾಗ ಗುದ್ದುವುದು ಯಾಕೋ ಕಳ್ಳತನದ ಹಾಗೆ ಅನ್ನಿಸಿತು. ಆ ಗಳಿಗೆ ದಾಟಿಹೋಯಿತು. ಗುರುಬಸವ್ವ ಎಂದಿನಂತೆ ಮೊರದ ಮೇಲೆ ಬಾಗಿದ್ದಳು. ಆದರೆ ಈ ಸಲ ಓರೆಗಣ್ಣಿನಿಂದ ಗಂಡ ಹೊರಳಿದ್ದನ್ನೂ, ಗುದ್ದದೆ ನಿಂತ ಸೊಸೆಯ ಕೈಯನ್ನೂ ಕಂಡಿದ್ದಳು.

ಮೂರನೆಯ ಸುತ್ತು. ಮತ್ತೊಂದು ಗುದ್ದು ಕೂತಿತು, ಪಟ್ಟಿ ಕೆಂಪಗಾಯಿತು. ಸಂಗನಬಸಪ್ಪ ಮತ್ತೆ ಹೊರಳಿ ನೋಡಿದರು. ಗುರುಬಸವ್ವ ಮೊರವನ್ನು ಪಕ್ಕಕ್ಕಿಟ್ಟು, ಗಲ್ಲಕ್ಕೆ ಕೈ ಹಚ್ಚಿ, ನೆಟ್ಟಗೆ ಅವರನ್ನೇ ನೋಡುತ್ತಿದ್ದಳು.

"ಭಾರೀ ಹೊಡದ್ರಿ" ಎಂದಳು. "ಹಿಂತಾ ಕೈ ಈ ಓಣ್ಯಾಗ ಯಾರಿಗೂ ಇಲ್ಲ ನೋಡ್ರಿ."

ಸಂಗನಬಸಪ್ಪ ಕಡ್ಡಿ ಹಿಡಿದದ್ದನ್ನು ಮರೆತರು. ಕೈಗಳು ತಾವಾಗಿ ಕೆಳಗಿಳಿದವು. ಮೀಸೆಯ ಕೆಳಗೆ ಒಂದು ನಗು ಹುಟ್ಟುತ್ತಿತ್ತು. ಗುರುಬಸವ್ವ ಅವರ ಮುಖದಿಂದ ಕಣ್ಣು ಕೀಳದೆ, ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಟಕ್ ಎಂದು ಬಡಿದಳು. ಅದು ಸೊಸೆಗೆ.

ನೇತ್ರಾ ಗುದ್ದಿದಳು, ಒಂದರ ಮೇಲೊಂದು, ಮಾವನ ಪಟ್ಟಿ ಕರಗುವವರೆಗೆ. ಎಡಗೈ ಸೆರಗು ಬಿಟ್ಟು ಬಲಗೈಯ ಜೊತೆಗೆ ಬಂತು. ಸೆರಗು ಭುಜಕ್ಕೆ ಜಾರಿತು, ಅವಳಿಗೆ ಗೊತ್ತಾಗಲಿಲ್ಲ. ನೀಲಿ ಗವಸಿನ ಗೊಂಬೆ ತೂರಾಡಿ, ಕಡಿದ ಕಂಬದ ಹಾಗೆ ಉರುಳಿತು.

ಟಿವಿಯಲ್ಲಿ ಗಂಟೆ ಬಾರಿಸಿತು. ಸಂಗನಬಸಪ್ಪ ಬಿದ್ದ ತಮ್ಮ ಗೊಂಬೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ನೀ ಹೊಗಳಾಕತ್ತಿ ಅಂದಾಗ ನನಗ ತಿಳೀಬೇಕಿತ್ತು."

"ಖರೇನ ಹೊಗಳೇನ್ರಿ" ಎಂದು ಗುರುಬಸವ್ವ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಆಗ ಎಲ್ಲರ ಕಣ್ಣು ನೇತ್ರಾಳ ಕಡೆ ತಿರುಗಿತು. ಗೆದ್ದವರು ಮಾತು ಹೇಳಬೇಕು. ಎಡಗೈ ಎದ್ದು ಸೆರಗನ್ನು ತಲೆಗೆ ತಂದಿತು. ಆದರೆ ಬಾಯಿ ಮುಚ್ಚಲಿಲ್ಲ.

"ಮಾವಾರ, ಟಿಕೋಟಾದ ಅಂಗಡ್ಯಾಗ ನಾ ಕೂಡ್ತೇನ್ರಿ."

ಹದಿನಾರು ವರ್ಷದ ರೂಢಿ ದಾಟಿ ಬಂದ ಮಾತು, ಇಷ್ಟೇ ಇಷ್ಟು ಚಿಕ್ಕದಾಗಿತ್ತು. ಎಲ್ಲೂ ಸೋರದೆ, ಯಾರ ಖಾರವೂ ಹತ್ತದೆ ಮುಟ್ಟಿತು.

"ಮಾಳೂಗ ಹೇಳೀವಲ್ಲ" ಎಂದು ಸುಭಾಷ ಬಾಯಿ ತೆರೆದ. ಸಂಗನಬಸಪ್ಪ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ಕಡ್ಡಿಯ ದಾರವನ್ನು ಮಣಿಕಟ್ಟಿನಿಂದ ಬಿಡಿಸಿಕೊಂಡರು.

"ಗೆದ್ದು ತಗೊಂಡ ಮಾತು. ಬ್ಯಾಡ ಅನ್ನೂ ಹಂಗಿಲ್ಲ" ಎಂದರು. ನೇರವಾಗಿ ಅವಳಿಗೇ ಹೇಳಿದರು. "ಆದ್ರ ವಾರದ ಮಾತು ಒಂದ ವಾರ, ಗೊತ್ತೈತಲ್ಲವಾ?"

"ಗೊತ್ತೈತ್ರಿ."

ಸೋಮವಾರ ಮುಂಜಾನೆ ಅವಳು ಸೆರಗಿನ ತುದಿಗೆ ಬೀಗದ ಕೈ ಗಂಟು ಹಾಕಿಕೊಂಡು ಟಿಕೋಟಾದ ಬಸ್ಸು ಹತ್ತಿದಳು. ರೊಟ್ಟಿ, ಪಲ್ಯ, ಚಹಾ ಎಲ್ಲವನ್ನೂ ಮುಗಿಸಿ ಓಡಿದ್ದರಿಂದ ಕೂದಲ ತುದಿಯಲ್ಲಿ ಇನ್ನೂ ಹಿಟ್ಟಿತ್ತು. ಕಿಟಕಿಯಾಚೆ ದ್ರಾಕ್ಷಿ ತೋಟಗಳ ಸಾಲು ಬಿಚ್ಚಿದ ಸೀರೆಯ ಹಾಗೆ ಹಿಂದೆ ಹಿಂದೆ ಓಡುತ್ತಿತ್ತು. ಮಳಿಗೆಯ ಶಟರು ಬಿಗಿಯಾಗಿತ್ತು. ಎರಡೂ ಕೈ ಹಚ್ಚಿ ಎತ್ತಿದಳು.

ಮೊದಲು ಬಂದ ಗಿರಾಕಿ ಕಳ್ಳಕವಟಗಿಯ ಸಿದ್ದರಾಯ ಎಂಬ ವಯಸ್ಸಾದ ರೈತ. ಒಳಗೆ ಇಣುಕಿ, "ಗಂಡಸರು ಯಾರೂ ಇಲ್ಲೇನ್ರಿ, ತಂಗಿ?" ಎಂದ.

"ಅದಾರ್ರಿ, ಬಿಜಾಪುರದಾಗ ಅದಾರ. ಶೆಡ್ಡಿನ ಬಲಿ ಬೇಕಂದ್ರ ಇಲ್ಲೇ ಐತಿ."

ಸಿದ್ದರಾಯ ನಕ್ಕು ಒಳಗೆ ಬಂದು ಕೂತ. ಶೆಡ್ಡಿನ ಮಾತು ಶುರುವಾಯಿತು, ಗಾಳಿ ಯಾವ ಕಡೆಯಿಂದ, ಅಂತಸ್ತು ಎಷ್ಟು ಎಂದು. ಬಲೆಯ ಜೊತೆ ಹಗ್ಗವನ್ನೂ ಒಯ್ದ. ಗುರುವಾರ ತನ್ನ ಹೆಂಡತಿ ಭೀಮಾಬಾಯಿಯನ್ನು ಕರೆದುಕೊಂಡು ಮತ್ತೆ ಬಂದ. ಅವಳು ಬಂದದ್ದು ಬಲೆ ನೋಡಲಲ್ಲ, ಅಂಗಡಿಯಲ್ಲಿ ಕೂತ ಹೆಣ್ಣುಮಗಳನ್ನು ನೋಡಲು. ಇಬ್ಬರೂ ಚಹಾ ಕುಡಿದರು. ನೇತ್ರಾಳಿಗೆ ಮಧ್ಯಾಹ್ನ ಎಲ್ಲಿ ಹೋಯಿತು ಎಂದೇ ತಿಳಿಯುತ್ತಿರಲಿಲ್ಲ.

ವಾರ ಬಸ್ಸಿನ ಹಾಗೆಯೇ ಓಡಿಹೋಯಿತು. ಅಮಾವಾಸ್ಯೆಯೂ ಮುಗಿದು ಮತ್ತೆ ರವಿವಾರ ಬಂದಾಗ ನೇತ್ರಾ ಮತ್ತೆ ಗೆಲ್ಲಲೇಬೇಕೆಂದು ನಿಂತಳು. ಬಾಬು ತುಟಿಗೆ ತುಟಿ ಹಚ್ಚಿ ನಿಂತಿದ್ದ. ಆದರೆ ಮಾತಾಡದೆ ಅವನಿಗೆ ಗುದ್ದಲು ಬರುತ್ತಿರಲಿಲ್ಲ, ಸೋತ. ಸುಭಾಷ ಊಟವನ್ನೇ ಅರ್ಧ ಮಾಡಿ ಬಂದಿದ್ದ. ಹೊಟ್ಟೆ ಹಸಿದು ಬೇಗ ದಣಿದ.

ಮಾವ ಎದ್ದರು. ಆಟ ಶುರುವಾಗುವ ಮುಂಚೆ ಮಂಚದ ಒಂದು ತುದಿ ಹಿಡಿದು, "ಹಿಡಿಯಲೇ ಬಾಬು" ಎಂದರು. ಗುರುಬಸವ್ವನನ್ನು ಕೂಡಿಸಿಕೊಂಡೇ ಆ ಮಂಚವನ್ನು ಎಳೆದು ಟಿವಿಯ ಪಕ್ಕಕ್ಕೆ ತಂದಿಟ್ಟರು.

"ಇದೇನ್ರಿ ಇದು?" ಎಂದಳು ಗುರುಬಸವ್ವ, ಮೊರದಿಂದ ಚೆಲ್ಲಿದ ಜೋಳ ಬಳಿಯುತ್ತಾ.

"ಇನ್ನ ನಾ ಹೊಳ್ಳಿ ನೋಡೂ ಹಂಗಿಲ್ಲ. ನೀನೂ ಎದರಿಗೆ, ಆಟಾನೂ ಎದರಿಗೆ."

ಎಲ್ಲರಿಗೂ ನಗು ತಡೆಯಲಾಗಲಿಲ್ಲ. ನೇತ್ರಾ ನಗುತ್ತಲೇ ಆಡಿದಳು. ಎಷ್ಟು ಹುಡುಕಿದರೂ ಸಂದು ಸಿಗಲಿಲ್ಲ. ಗುರುಬಸವ್ವ ಹೊಗಳಿಯೂ ನೋಡಿದಳು, ಮಾವ ಮೀಸೆಯಡಿ ನಗುತ್ತಾ ಗುದ್ದುತ್ತಲೇ ಇದ್ದರು. ಮೂರನೆಯ ಸುತ್ತಿನಲ್ಲಿ ಕೆಂಪು ಗವಸಿನ ಗೊಂಬೆ ಮಂಡಿಯೂರಿ ಕೂತು ಮೆಲ್ಲಗೆ ಒರಗಿತು.

ನಗು ಇಳಿಯುತ್ತಾ ಬಂತು. ನೇತ್ರಾ ಕಡ್ಡಿಗಳನ್ನು ಇಟ್ಟು, ಸೆರಗಿನ ತುದಿಯ ಗಂಟು ಬಿಚ್ಚಿ, ಬೀಗದ ಕೈಯನ್ನು ಟಿವಿಯ ಮುಂದಿನ ಮೇಜಿನ ಮೇಲೆ ಸಪ್ಪಳವಾಗದ ಹಾಗೆ ಇಟ್ಟಳು. ಒಂದು ವಾರ ಎಂದರೆ ಒಂದು ವಾರ. ಅವಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಎಡಗೈ ಮಾತ್ರ, ಮೇಲೇಳುವುದನ್ನು ಮರೆತು, ಬಿಚ್ಚಿದ ಗಂಟಿನ ಸುಕ್ಕನ್ನು ನೇವರಿಸುತ್ತಿತ್ತು.

"ಮಾತು ಹೇಳ್ರಿ" ಎಂದ ಬಾಬು. "ಮಾದಲಿ ಒಂದ ಬ್ಯಾಡ್ರಿ, ಕೈ ಮುಗಿತೇನಿ."

ಸಂಗನಬಸಪ್ಪ ಕುರ್ಚಿಯಲ್ಲಿ ಕೂತು ಚುಂಗಿನಿಂದ ಹಣೆ ಒರೆಸಿಕೊಂಡರು.

"ನಾಳಿಂದ ಮುಂಜಾನಿ ನಾಷ್ಟಾ ಸುಭಾಷ ಮಾಡಬೇಕು" ಎಂದರು.

"ನಾನು?" ಸುಭಾಷ ಎದ್ದು ಕೂತ. "ನಾ ಯಾಕ್ರಿ?"

"ಮತ್ತ ಆಕೀ ಎಲ್ಲಾ ಮುಗಿಸಿ ಹೊಂಟ್ರ ಬಸ್ಸು ತಪ್ಪತೈತಿ. ರೈತರು ಶಟರ್ ಮುಂದ ಕೂತಿರ್ತಾರ. ಶುಕ್ರವಾರ ನಾ ಹೋಗಿದ್ದೆ, ರಸ್ತೆ ಆಚಿ ಕಡೆ ಚಹಾದ ಅಂಗಡ್ಯಾಗ ಕೂತು ನೋಡೇನಿ."

ನೇತ್ರಾ ತಲೆಯೆತ್ತಿದಳು.

"ಮಾಳು?" ಎಂದು ಕೇಳಿದ ಸುಭಾಷ.

"ಬರ್ತಾನ. ಸುರುಳಿ ಎತ್ತಿ ಇಳಸಾಕ ಆಕೀಗೆ ಒಂದ ಆಳು ಬೇಕಲ್ಲ. ಫೋನ್ ಹಚ್ಚಿ ಹೇಳೇನಿ." ಮಾವ ಮೇಜಿನ ಮೇಲಿನ ಬೀಗದ ಕೈಯನ್ನು ಬೆರಳಿನಿಂದ ಅವಳ ಕಡೆ ಸರಿಸಿದರು. "ತಗೋವಾ. ಅಲ್ಲಿಟ್ರ ಕಳೀತೈತಿ."

"ವಾರದ ಮಾತು ಒಂದ ವಾರ ಅಲ್ಲೇನು, ಮುತ್ಯಾ?" ಎಂದು ಸೃಷ್ಟಿ ಪಂಚಾಯ್ತಿ ತೆಗೆದಳು.

"ನಾಷ್ಟಾ ಒಂದ ವಾರ" ಎಂದರು ಸಂಗನಬಸಪ್ಪ. "ಅಂಗಡಿ ಮಾತು ನಾ ಗೆದ್ದ ಮಾತಿನಾಗ ಎಲ್ಲಿ ಹೇಳೇನಿ? ಅದು ಪುಕ್ಕಟಿ ಮಾತು."

ಮರುದಿನ ಸುಭಾಷ ಮಾಡಿದ ಉಪ್ಪಿಟ್ಟಿನಲ್ಲಿ ಗಂಟುಗಳಿದ್ದವು, ಉಪ್ಪಿರಲಿಲ್ಲ. ನೇತ್ರಾ ಅದನ್ನು ಪೂರ್ತಿ ತಿಂದು, ತಟ್ಟೆ ತೊಳೆದಿಟ್ಟು ಹೊರಟಳು. ಬಾಗಿಲಲ್ಲಿ ಮಾವ ಪೇಪರು ಓದುತ್ತಾ ಕೂತಿದ್ದರು. ಎಡಗೈ ಎದ್ದಿತು, ಸೆರಗು ತಲೆಗೆ ಬಂತು.

"ಬರ್ತೇನ್ರಿ, ಮಾವಾರ."

"ಹೂಂ. ಬರೂ ರವಿವಾರ ಮಂಚ ಎಲ್ಲಿರ್ತೈತೋ ನೋಡ್ಕೋ" ಎಂದರು ಅವರು, ಪೇಪರಿನಿಂದ ಕಣ್ಣೆತ್ತದೆ.

ಓಣಿ ದಾಟುತ್ತಾ ಅವಳು ಅದನ್ನೇ ಯೋಚಿಸುತ್ತಿದ್ದಳು. ಮಂಚ ಟಿವಿಯ ಪಕ್ಕದಲ್ಲೇ ಇರಲಿ. ಅತ್ತೆಗೆ ಮೊಣಕಾಲು ನೋವಿದ್ದರೂ, ಮಾವ ಕತ್ತು ಹೊರಳಿಸುವ ಹಾಗೆ, ಎದ್ದು ಒಮ್ಮೆ ಅಡುಗೆಮನೆಯ ಕಡೆ ಹೋಗಬಾರದು ಎಂದೇನಿಲ್ಲವಲ್ಲ.